ಗೋಡೆಯೊಳಗೆ ಕಣಜ ಸೇರಿದಾಗ

ಮಳೆ ಹಿಂದೆ ಸರಿದು ಅಡಿಕೆ ಕೊಯ್ಲಿಗೆ ಅಂಗಳ ಸಜ್ಜು ಮಾಡುವ ಹೊತ್ತಿಗೆ ಸದಸ್ಯ ಬಾಂಧವರಲ್ಲಿ ಕೆಲವರಾದರೂ ನಮ್ಮನ್ನು ಕೇಳುವ ಪ್ರಶ್ನೆಯೊಂದುಂಟು: ಗೋಡೆಯ ಬಿರುಕಿನಲ್ಲಿ ಕಣಜ ಸೇರಿಕೊಂಡಿದೆ, ಏನು ಮಾಡೋಣ? ಹಳೆಯ ಮಣ್ಣಿನ ಗೋಡೆ, ಗಾರೆ ಬಿಟ್ಟ ಜಂಬಿಟ್ಟಿಗೆ ಗೋಡೆ, ಮುಚ್ಚಿಗೆಯ ಸಂದು ಇವೆಲ್ಲ ಅದಕ್ಕೆ ಹೇಳಿ ಮಾಡಿಸಿದ ಜಾಗ.

ಒಳಗಿರುವವರು ಯಾರೆಂದು ಮೊದಲು ದೂರದಿಂದ ನೋಡತಕ್ಕದ್ದು. ಕಿಟಕಿಯ ಮೂಲೆಗೆ ಮಣ್ಣು ಮೆತ್ತುವ ಒಂಟಿ ಹುಳ ಕುಂಬಾರ ಹುಳ. ಜೇಡವನ್ನೋ ಹಸಿರು ಹುಳುವನ್ನೋ ಹಿಡಿದು ಮರಿಗೆ ತುಂಬಿಡುವುದಷ್ಟೇ ಅದರ ಕಸುಬು, ನಮ್ಮ ತಂಟೆಗೆ ಬಾರದು. ಸಣ್ಣ ಕಂದು ಹುಳಗಳು ಹಿಂಗಾಲಿಗೆ ಪರಾಗ ಅಂಟಿಸಿಕೊಂಡು ಒಳಹೋಗುತ್ತಿದ್ದರೆ ಅದು ತುಡುವೆ ಜೇನು. ಅದನ್ನು ಕೊಲ್ಲಲೇ ಕೂಡದು. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಗಾಳಿಯ ಜೊತೆಗೆ ಜೇನೂ ಬೇಕು. ಜೇನು ಸಾಕುವವರನ್ನು ಕರೆಸಿ ಪೆಟ್ಟಿಗೆಗೆ ಇಳಿಸಿಕೊಂಡರೆ ಲಾಭ ನಿಮ್ಮದೇ.

ಅಂಗುಲದಷ್ಟು ಉದ್ದ, ಕಪ್ಪು ಮೈ, ಮೇಲೆ ಹಳದಿ ಪಟ್ಟಿ, ಹಾರುವಾಗ ಗುಂಯ್‌ಗುಡುವ ಸದ್ದು: ಇದು ದೊಡ್ಡ ಕಣಜ. ಇದೂ ಹುಳುಹುಪ್ಪಟೆ ಬೇಟೆಯಾಡಿ ಬದುಕುವ ಜೀವಿಯೇ. ಕಾಫಿ ಬೆರ್ರಿ ಬೋರರ್ ನಮ್ಮ ದೇಶದಲ್ಲಿ 1990ರಲ್ಲಿ ಗೂಡಲೂರಿನ ಕಡೆ ಕಾಣಿಸಿಕೊಂಡ ಮೇಲೆ ಅದರ ಹತೋಟಿಗೆಂದು ಹೊರದೇಶದಿಂದ ತರಿಸಿದ್ದೂ ಕಣಜದ ಕುಲದ ಒಂದು ಪುಟ್ಟ ಹುಳವನ್ನೇ. ಆದ್ದರಿಂದ ಗೂಡು ಯಾರೂ ಸುಳಿಯದ ಹಾಳು ಕೊಟ್ಟಿಗೆಯಲ್ಲಿದ್ದರೆ ಬಿಟ್ಟುಬಿಡಿ ಎನ್ನುತ್ತೇವೆ. ಜಗಲಿ, ಬಚ್ಚಲು, ಮಕ್ಕಳು ಮಲಗುವ ಕೋಣೆಯ ಗೋಡೆಯಾದರೆ ಮಾತ್ರ ತೆಗೆಯಲೇಬೇಕು.

ಹೆಚ್ಚಿನವರು ಮೊದಲು ಮಾಡುವುದು ತೂತಿಗೆ ಸಿಮೆಂಟು ಮೆತ್ತುವುದು. ಇದರಷ್ಟು ಕೆಟ್ಟ ಉಪಾಯ ಬೇರಿಲ್ಲ. ಒಳಗೆ ಸಿಕ್ಕಿಬಿದ್ದ ಹುಳಗಳು ಗಾರೆ ಕೊರೆದು, ಮುಚ್ಚಿಗೆಯ ಸಂದಿನಿಂದ ನೇರ ಮನೆಯೊಳಗೇ ಇಳಿಯುತ್ತವೆ. ಸೂಡಿ ಹಚ್ಚುವುದು, ಸೀಮೆಎಣ್ಣೆ ಅಥವಾ ಪೆಟ್ರೋಲು ಸುರಿಯುವುದು ಮರದ ಮುಚ್ಚಿಗೆಯ ಮನೆಯಲ್ಲಿ ಕಣಜಕ್ಕಿಂತ ದೊಡ್ಡ ಅಪಾಯ. ತೋಟದ ಹಳೆಯ ಔಷಧಿ ಡಬ್ಬಿಗಳೂ ಬೇಡ. 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸಿದ ಎಂಡೋಸಲ್ಫಾನ್ ಇಂದಿಗೂ ಯಾರದಾದರೂ ಅಟ್ಟದಲ್ಲಿ ಉಳಿದಿದ್ದರೆ ಅದನ್ನು ಮಲಗುವ ಕೋಣೆಯ ಗೋಡೆಗೆ ಹೊಡೆಯುವಂತಿಲ್ಲ. ಇನ್ನು, ಕೆಲಸದಾಳಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟು ಬರಿಮೈಯಲ್ಲಿ ಗೂಡಿನ ಮುಂದೆ ನಿಲ್ಲಿಸುವ ರೂಢಿಯನ್ನು ನಾವು ಒಪ್ಪುವುದಿಲ್ಲ. ಮಾಲೀಕನಿಗೆ ಬೇಕಾದ ರಕ್ಷಣೆ ಆಳಿಗೂ ಬೇಕು.

ಊರಿನಲ್ಲಿ ಈ ಕೆಲಸ ಬಲ್ಲವರಿದ್ದರೆ ಅವರಿಗೇ ಬಿಡುವುದು ಮೇಲು. ಇಲ್ಲವಾದರೆ ಹಗಲಿನಲ್ಲಿ ಬಾಯಿ ಎಲ್ಲಿದೆಯೆಂದು ಗುರುತು ಮಾಡಿಕೊಂಡು, ಕತ್ತಲಾಗಿ ಗಂಟೆಯೊಂದು ಕಳೆದು ಹಾರಾಟ ನಿಂತ ಮೇಲೆ ಹೋಗಬೇಕು. ದಪ್ಪ ಬಟ್ಟೆ, ಜೇನು ಬಿಡಿಸುವ ಮುಸುಕು, ಕೈಚೀಲ, ಗಂಬೂಟು ಇರಲಿ. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಟಾರ್ಚನ್ನು ಕೈಯಲ್ಲಿ ಹಿಡಿಯಬಾರದು. ಎದ್ದ ಹುಳ ಬೆಳಕಿನತ್ತಲೇ ಹಾರುತ್ತದೆ. ಕೆಂಪು ಕಾಗದ ಸುತ್ತಿ ಪಕ್ಕಕ್ಕೆ ದೂರದಲ್ಲಿಡಿ. ಮನೆ ಬಳಕೆಗೆಂದು ಲೇಬಲಿನಲ್ಲಿ ಬರೆದಿರುವ ಕೀಟನಾಶಕ ಪುಡಿಯನ್ನು ಹಿಂಡುವ ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಉದ್ದ ಕೊಳವೆ ಸಿಕ್ಕಿಸಿ, ಗೂಡಿನ ಬಾಯಿಗೂ ಅದರ ಒಳಅಂಚಿಗೂ ಊದಿ ಸದ್ದಿಲ್ಲದೆ ಹಿಂದೆ ಸರಿಯಿರಿ. ಹೋಗಿಬರುವ ಹುಳಗಳೇ ಮೈಗೆ ಅಂಟಿದ ಪುಡಿಯನ್ನು ಒಳಕ್ಕೆ ಒಯ್ಯುತ್ತವೆ. ಏಣಿ ಹತ್ತಿ ಮಾಡುವ ಕೆಲಸ ಇದಲ್ಲ. ಎರಡು ಮೂರು ದಿನ ನೋಡಿ, ಓಡಾಟ ಕಂಡರೆ ಇನ್ನೊಮ್ಮೆ ಹಾಕಿ. ಪೂರ್ತಿ ನಿಂತ ಮೇಲಷ್ಟೇ ಗಾರೆ ಮೆತ್ತತಕ್ಕದ್ದು.

ಜೇನಿನ ಹಾಗೆ ಕಣಜ ಮುಳ್ಳನ್ನು ಬಿಟ್ಟು ಸಾಯುವುದಿಲ್ಲ, ಒಂದೇ ಹುಳ ಮತ್ತೆ ಮತ್ತೆ ಚುಚ್ಚುತ್ತದೆ. ಒಂದೆರಡು ಕಡಿತಕ್ಕೆ ತಣ್ಣೀರ ಬಟ್ಟೆ ಸಾಕು. ತುಟಿ, ಮುಖ ಬಾತುಕೊಂಡು ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಸುಣ್ಣ, ಅರಿಸಿನ ಎನ್ನುತ್ತ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. ಹತ್ತಾರು ಹುಳ ಕಚ್ಚಿದವರು ಅಂದು ಚೆನ್ನಾಗಿಯೇ ಕಂಡರೂ ವೈದ್ಯರಿಗೆ ತೋರಿಸಲೇಬೇಕು. ವಿಷ ಮೂತ್ರಪಿಂಡವನ್ನು ಕೆಡಿಸಬಲ್ಲದು. ಮುಂದಿನ ಒಂದೆರಡು ದಿನಗಳಲ್ಲಿ ಮೂತ್ರ ಕಡಿಮೆಯಾದರೆ ಅಥವಾ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ ಬೆಳಗಾಗಲೆಂದು ಕಾಯದೆ ಜಿಲ್ಲಾ ಆಸ್ಪತ್ರೆಗೆ ಹೊರಡಿ.