ಆ ಗೋಲ್ ನಾನು ನೋಡಲೇ ಇಲ್ಲ

2023ರ ಮಾರ್ಚ್ 3, ಶುಕ್ರವಾರ ರಾತ್ರಿ. ಕಂಠೀರವ ಸ್ಟೇಡಿಯಂನಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಐಎಸ್‌ಎಲ್ ಪ್ಲೇಆಫ್ ಪಂದ್ಯ. ಸೋತವರು ಸೀದಾ ಮನೆಗೆ. ತೊಂಬತ್ತು ನಿಮಿಷ ಮುಗಿದರೂ 0-0. ಎಕ್ಸ್‌ಟ್ರಾ ಟೈಮ್ ಶುರುವಾಗಿ ಐದಾರು ನಿಮಿಷ ಆಗಿತ್ತು ಅಷ್ಟೆ, ಬಾಕ್ಸ್‌ನ ಹೊರಗೆ ನಮಗೊಂದು ಫ್ರೀ ಕಿಕ್ ಸಿಕ್ಕಿತು.

ಆ ವಾರ ಆಫೀಸಿನಲ್ಲಿ ನನ್ನ ಆನ್‌ಕಾಲ್ ಡ್ಯೂಟಿ. ಸರಿಯಾಗಿ ಅದೇ ಹೊತ್ತಿಗೆ ಜೇಬಲ್ಲಿ ಫೋನ್ ನಡುಗಿತು. ಯಾವುದೋ ಸರ್ವರ್ ಅಲರ್ಟ್. ಫ್ರೀ ಕಿಕ್ ಅಂದಮೇಲೆ ಗೋಡೆ ಕಟ್ಟಬೇಕು, ರೆಫರಿ ಹೆಜ್ಜೆ ಎಣಿಸಬೇಕು, ಆಟಗಾರರು ಒಂದಿಷ್ಟು ಜಗಳ ಆಡಬೇಕು. ಏನಿಲ್ಲ ಅಂದ್ರೂ ಒಂದು ನಿಮಿಷ ಇದೆ ಅಂದುಕೊಂಡು ತಲೆ ಬಗ್ಗಿಸಿ ಅಲರ್ಟ್ ಒತ್ತಿದೆ. ತಲೆ ಎತ್ತುವಷ್ಟರಲ್ಲಿ ಇಡೀ ಸ್ಟ್ಯಾಂಡ್ ಎದ್ದು ನಿಂತು ಕೂಗುತ್ತಿತ್ತು. ಚೆಂಡು ಬಲೆಯೊಳಗೆ. ಸುನಿಲ್ ಛೆಟ್ರಿ ಓಡುತ್ತಿದ್ದರು. ಬ್ಲಾಸ್ಟರ್ಸ್ ಆಟಗಾರರು ರೆಫರಿಯನ್ನು ಮುತ್ತಿಕೊಂಡಿದ್ದರು. ಏನಾಯ್ತು ಅಂತ ಪಕ್ಕದವನನ್ನು ಕೇಳಿದರೆ ಅವನು ನನ್ನನ್ನು ತಬ್ಬಿಕೊಂಡು ಎತ್ತಿದನೇ ಹೊರತು ಉತ್ತರ ಕೊಡಲಿಲ್ಲ. ಫೋನ್ ಇನ್ನೂ ಕೈಯಲ್ಲೇ ಇತ್ತು.

ಆಮೇಲೆ ನಡೆದದ್ದನ್ನು ಫುಟ್‌ಬಾಲ್ ನೋಡದವರೂ ಸುದ್ದಿಯಲ್ಲಿ ನೋಡಿರುತ್ತೀರಿ. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ಮೈದಾನಕ್ಕೆ ಬಂದು, ಕೈಸನ್ನೆ ಮಾಡಿ, ತಮ್ಮ ಇಡೀ ತಂಡವನ್ನು ಕರೆದುಕೊಂಡು ಹೊರಗೆ ನಡೆದರು. ನಮ್ಮ ಆಟಗಾರರು ಖಾಲಿ ಮೈದಾನದಲ್ಲಿ ಕಾಯುತ್ತಾ ನಿಂತರು. ಇನ್ನು ಅವರು ಬರೋದಿಲ್ಲ ಅಂತ ಖಾತ್ರಿಯಾದ ಮೇಲೆ ಬೆಂಗಳೂರು 1-0ಯಿಂದ ಗೆದ್ದಿದೆ ಎಂದು ಘೋಷಣೆಯಾಯಿತು. ನಾವು ಕುಣಿದೆವು. ಮದುವೆ ಊಟಕ್ಕೆ ಕೂತವರು ಅರ್ಧಕ್ಕೆ ಎದ್ದು ಹೋದ ಮೇಲೂ ಹೋಳಿಗೆ ತಿಂದ ಹಾಗೆ ಇತ್ತು ಆ ಕುಣಿತ. ಆದರೂ ಕುಣಿದೆವು.

ಸೋಮವಾರ ಆಫೀಸಿಗೆ ಹೋದರೆ ಚೇಟನ ಮುಖ ಊದಿಕೊಂಡಿತ್ತು.

ಚೇಟ ನನ್ನ ಟೀಮ್‌ನವನು. ತ್ರಿಶೂರಿನ ಕಡೆಯವನು, ನನಗಿಂತ ಎರಡು ವರ್ಷ ದೊಡ್ಡವನು, ಬೆಂಗಳೂರಿಗೆ ಬಂದು ಹತ್ತು ವರ್ಷ. ಆಟೊದವರ ಹತ್ತಿರ ನನಗಿಂತ ಚೆನ್ನಾಗಿ ಕನ್ನಡದಲ್ಲಿ ಚೌಕಾಸಿ ಮಾಡುತ್ತಾನೆ. ಅಂದು ಅವನೂ ಸ್ಟೇಡಿಯಂನಲ್ಲೇ ಇದ್ದ, ಹಳದಿ ಜೆರ್ಸಿಗಳ ಮಧ್ಯೆ. ಕಾಫಿ ಮಷಿನ್ ಹತ್ತಿರ ಸಿಕ್ಕವನು ಗುಡ್ ಮಾರ್ನಿಂಗ್ ಕೂಡ ಹೇಳಲಿಲ್ಲ.

“ವಿಷಲ್ ಹೊಡೀದೆ ಗೋಲ್ ಕೊಡೋದು ಯಾವ ಊರಿನ ನ್ಯಾಯ, ಮಗಾ?”

“ಚೇಟಾ, ರೂಲ್ ಓದು. ನಾನು ಅಲ್ಲೇ ಇದ್ದೆ. ಕಣ್ಣಾರೆ ನೋಡಿದೀನಿ.”

ಕಣ್ಣಾರೆ ನೋಡಿದೀನಿ! ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಬಂದ ಮೇಲೆ ವಾಪಸ್ ತಗೊಳ್ಳೋಕೆ ಆಗಲಿಲ್ಲ. ಮುಂದಿನ ಮೂರು ವಾರ ಅದನ್ನೇ ಅಸ್ತ್ರ ಮಾಡಿಕೊಂಡು ವಾದ ಮಾಡಿದೆ.

ನಿಯಮದ ವಿಷಯದಲ್ಲಿ ಮಾತ್ರ ನಾನು ಸುಳ್ಳು ಹೇಳಿರಲಿಲ್ಲ. ಫ್ರೀ ಕಿಕ್‌ಗೆ ಪ್ರತಿ ಸಲವೂ ರೆಫರಿ ಸೀಟಿ ಊದಬೇಕು ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಫೌಲ್ ಆದ ತಂಡ ಬಯಸಿದರೆ ತಕ್ಷಣ ಆಡಬಹುದು. ತಪ್ಪು ಮಾಡಿದ ತಂಡಕ್ಕೆ ಸಾವರಿಸಿಕೊಳ್ಳಲು ಸಮಯ ಕೊಡಲೇಬೇಕು ಅನ್ನೋ ನಿಯಮ ಇಲ್ಲ. ಆದರೆ ಎದುರಾಳಿಗಳನ್ನು ಹತ್ತು ಗಜ, ಅಂದರೆ 9.15 ಮೀಟರ್, ಹಿಂದಕ್ಕೆ ಕಳಿಸಿ ಅಂತ ರೆಫರಿಯನ್ನು ಕೇಳಿಕೊಂಡರೆ, ಅಥವಾ ಕಾರ್ಡ್ ತೋರಿಸುವುದೋ ಆಟಗಾರ ಬದಲಾಗುವುದೋ ಇದ್ದರೆ, ಆಗ ಎಲ್ಲರೂ ಸೀಟಿಗೆ ಕಾಯಬೇಕು. ಒಂದೇ ಫ್ರೀ ಕಿಕ್‌ಗೆ ಎರಡು ದಾರಿ. ಯಾವ ದಾರಿ ಅನ್ನೋದು ರೆಫರಿಗೂ ಒದೆಯುವವನಿಗೂ ಮಧ್ಯೆ ನಡೆಯುವ ಎರಡು ಮಾತಿನ ಮೇಲೆ ನಿಂತಿದೆ.

ಪಂದ್ಯದ ನಂತರ ಛೆಟ್ರಿ ಹೇಳಿದ್ದೂ ಅದನ್ನೇ. ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ರೆಫರಿ ಕ್ರಿಸ್ಟಲ್ ಜಾನ್ ಅವರಿಗೆ ಮೊದಲೇ ತಿಳಿಸಿದ್ದರಂತೆ. ಬ್ಲಾಸ್ಟರ್ಸ್‌ನ ಏಡ್ರಿಯನ್ ಲೂನಾಗೂ ಅದು ಕೇಳಿಸಿತ್ತು, ಅದಕ್ಕೇ ಒಂದು ಸಲ ಅಡ್ಡ ಬಂದ ಎನ್ನುವುದು ಅವರ ಮಾತು. ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ಮಾತ್ರ ತಮ್ಮ ಜಾಗ ಬಿಟ್ಟು ಗೋಡೆ ಕಟ್ಟಿಸುವುದರಲ್ಲಿ ಮುಳುಗಿದ್ದರು. ಪಾಪ, ಅವರೂ ನನ್ನ ಹಾಗೆಯೇ, ಇನ್ನೂ ಟೈಮ್ ಇದೆ ಅಂದುಕೊಂಡವರು.

ಚೇಟನ ಮುಂದೆ ನಾನಿಟ್ಟ ದೊಡ್ಡ ಸಾಕ್ಷಿ 2004ರ ಡಿಸೆಂಬರ್‌ನದು. ಆರ್ಸೆನಲ್ ಮತ್ತು ಚೆಲ್ಸಿ ನಡುವಿನ ಪಂದ್ಯದಲ್ಲಿ ಥಿಯರಿ ಹೆನ್ರಿ ಹೀಗೇ ಸೀಟಿ ಬೇಡವೆಂದು ರೆಫರಿ ಗ್ರಹಾಂ ಪೋಲ್‌ಗೆ ಹೇಳಿ, ಚೆಲ್ಸಿ ಗೋಡೆ ಕಟ್ಟುತ್ತಿರುವಾಗಲೇ ಒದ್ದು ಗೋಲ್ ಮಾಡಿದ್ದರು. ಗೋಲ್ ನಿಂತಿತು, ಪಂದ್ಯ 2-2 ಡ್ರಾ ಆಯಿತು. “ಚೆಲ್ಸಿಯವರು ಗಂಟು ಮೂಟೆ ಕಟ್ಟಿಕೊಂಡು ಹೋದ್ರಾ?” ಅಂತ ಕೇಳಿದೆ. ಚೇಟ ಆರ್ಸೆನಲ್ ಅಭಿಮಾನಿ. ಅವನ ಆ ಕ್ಷಣದ ಮುಖ ನನಗೆ ಈಗಲೂ ಖುಷಿ ಕೊಡುತ್ತದೆ.

ಅವನ ವಾದವೂ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ರೆಫರಿ ಒಮ್ಮೆ ಆಟಗಾರರನ್ನು ಹಿಂದೆ ಸರಿಸಲು ಶುರು ಮಾಡಿದರು ಅಂದಮೇಲೆ ಅದು ಸೀಟಿಗೆ ಕಾಯಬೇಕಾದ ಕಿಕ್ ಅಲ್ಲವೇ? ಐಎಸ್‌ಎಲ್‌ನಲ್ಲಿ ವಿಎಆರ್ ಇಲ್ಲ, ವಿಡಿಯೊ ನೋಡಿ ತಿದ್ದುವ ದಾರಿಯೇ ಇಲ್ಲ, ಹಾಗಿದ್ದಾಗ ನಾಕ್‌ಔಟ್ ಪಂದ್ಯದಲ್ಲಿ ಒಂದು ಸೀಟಿ ಊದಿದ್ದರೆ ಏನು ಕಳೆದುಹೋಗುತ್ತಿತ್ತು? ಈ ಎರಡನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲದ್ದಕ್ಕೇ ದನಿ ಜೋರು ಮಾಡಿದೆ.

ಕೋಚ್ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಅಂದಿಗೂ ಇಂದಿಗೂ ಒಂದೇ. ಗೋಲ್ ಆಗಿದ್ದು 96ನೇ ನಿಮಿಷದಲ್ಲಿ. ಆಟ ಇರುವುದು 120 ನಿಮಿಷ. ಇಪ್ಪತ್ನಾಲ್ಕು ನಿಮಿಷ ಬಾಕಿ! ಒಂದೇ ಒಂದು ಗೋಲ್ ಸಾಕಿತ್ತು. ಅನ್ಯಾಯ ಆಯಿತು ಎಂಬ ಸಿಟ್ಟಿನಲ್ಲಿರುವ ತಂಡ ನಮ್ಮ ಮೇಲೆ ಮುಗಿಬಿದ್ದಿದ್ದರೆ, ಸುಸ್ತಾಗಿದ್ದ ನಮ್ಮ ಡಿಫೆನ್ಸ್ ತಡೆದುಕೊಳ್ಳುತ್ತಿತ್ತೋ ಇಲ್ಲವೋ. ಆಟಗಾರನಿಗೆ ತಲೆ ಬಿಸಿಯಾಗುತ್ತದೆ, ತಣ್ಣಗಿರಲಿ ಅಂತ ತಾನೇ ಕೋಚ್‌ಗೆ ಸಂಬಳ ಕೊಡುವುದು? ಅಂದಿನ ಇಡೀ ಪಂದ್ಯದ ಅತಿ ಕೆಟ್ಟ ಕೋಚಿಂಗ್ ನಿರ್ಧಾರ ಅದು. ಆಡಿದ್ದರೆ ಗೆಲ್ಲಬಹುದಾಗಿದ್ದ ಪಂದ್ಯವನ್ನು ಅವರು ಬಿಟ್ಟುಕೊಟ್ಟರು.

ಹೀಗಂದಾಗ ಚೇಟ ಲೋಟ ಕೆಳಗಿಟ್ಟು, “ನಿಂಗೆ ಇಪ್ಪತ್ನಾಲ್ಕು ನಿಮಿಷ ಕಾಣತ್ತೆ. ನಂಗೆ ನಮ್ಮ ಪರವಾಗಿ ಒಬ್ಬ ಎದ್ದು ನಿಂತಿದ್ದು ಕಾಣತ್ತೆ” ಅಂದ. ಕೊಚ್ಚಿಯಲ್ಲಿ ಅಭಿಮಾನಿಗಳು ಆ ಕೋಚನ್ನು ಜೈಕಾರ ಹಾಕಿ ಬರಮಾಡಿಕೊಂಡರು. ನನಗದು ಅರ್ಥವಾಗಿರಲಿಲ್ಲ. ಅವನ ಮಾತು ಕೇಳಿದ ಮೇಲೆ ಸ್ವಲ್ಪ ಅರ್ಥವಾಯಿತು. ಒಪ್ಪಿಗೆ ಮಾತ್ರ ಆಗಲಿಲ್ಲ.

ಫುಟ್‌ಬಾಲ್ ಫೆಡರೇಷನ್ನಿಗೂ ಒಪ್ಪಿಗೆ ಆಗಲಿಲ್ಲ. ಪಂದ್ಯ ಮತ್ತೆ ಆಡಿಸಿ ಎಂಬ ಬ್ಲಾಸ್ಟರ್ಸ್ ಮನವಿಯನ್ನು ಶಿಸ್ತು ಸಮಿತಿ ತಳ್ಳಿಹಾಕಿತು. ಮಾರ್ಚ್ ಕೊನೆಯಲ್ಲಿ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಬಹಿರಂಗವಾಗಿ ಕ್ಷಮೆ ಕೇಳದಿದ್ದರೆ 6 ಕೋಟಿ. ಕೋಚ್‌ಗೆ 10 ಪಂದ್ಯಗಳ ನಿಷೇಧ, 5 ಲಕ್ಷ ದಂಡ. ಕ್ಲಬ್ಬೂ ಕೋಚೂ ಕ್ಷಮೆ ಕೇಳಿದರು.

ಇದರ ನಡುವೆ ನಾವು ಫೈನಲ್‌ಗೆ ಹೋದೆವು. ಮಾರ್ಚ್ 18, ಗೋವಾದ ಫಟೋರ್ಡಾ, ಎದುರಿಗೆ ಎಟಿಕೆ ಮೋಹನ್ ಬಾಗನ್. 2-2 ಆಗಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತೆವು. ನಮ್ಮ ವಿರುದ್ಧ ಕೊಟ್ಟ ಒಂದು ಪೆನಾಲ್ಟಿ ಬಗ್ಗೆ ನಾವು ರಾತ್ರಿಯಿಡೀ ಬೊಬ್ಬೆ ಹಾಕಿದೆವು. ನಮ್ಮ ಕ್ಲಬ್ಬಿನ ಮಾಲೀಕ ಪಾರ್ಥ್ ಜಿಂದಾಲ್ ಅವರೇ ಐಎಸ್‌ಎಲ್‌ಗೆ ವಿಎಆರ್ ಬೇಕು ಎಂದು ಟ್ವೀಟ್ ಮಾಡಿದರು. ಕೇವಲ ಹದಿನೈದು ದಿನದ ಹಿಂದೆ “ರೆಫರಿ ಹೇಳಿದ ಮೇಲೆ ಮುಗೀತು” ಅಂತ ಚೇಟನಿಗೆ ಪಾಠ ಮಾಡಿದ್ದವನು ನಾನು. ಅವನು ಆ ಟ್ವೀಟನ್ನು ನನಗೆ ಕಳಿಸಿದ. ಕೆಳಗೆ ಒಂದಕ್ಷರ ಬರೆದಿರಲಿಲ್ಲ.

ಇನ್ನೊಂದನ್ನೂ ಹೇಳಿಬಿಡಬೇಕು. ಆ ಮೂರು ವಾರಗಳಲ್ಲಿ ನಮ್ಮ ಗೆಳೆಯರ ವಾಟ್ಸ್ಯಾಪ್ ಗ್ರೂಪಿನಲ್ಲಿ ಮಾತು ಆಟ ಬಿಟ್ಟು ಎಲ್ಲೆಲ್ಲೋ ಹೋಯಿತು. ಒಬ್ಬ ಮಲಯಾಳಿಗಳ ಬಗ್ಗೆ ಬರೆಯಬಾರದ ಮಾತೊಂದನ್ನು ಬರೆದ. ನಾನು ನಗುವ ಇಮೋಜಿ ಒತ್ತಿದೆ. ಯೋಚನೆ ಮಾಡಿ: ಆ ಕಡೆಯ ಕೋಚ್ ಸೆರ್ಬಿಯಾದವರು, ಅಡ್ಡ ಬಂದ ಲೂನಾ ಉರುಗ್ವೆಯವರು. ನಮ್ಮ ಕೋಚ್ ಸೈಮನ್ ಗ್ರೇಸನ್ ಇಂಗ್ಲೆಂಡಿನವರು, ಗೋಲ್ ಹೊಡೆದ ಛೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ. ಬೈದುಕೊಂಡಿದ್ದು ಮಾತ್ರ ಕನ್ನಡಿಗ, ಮಲಯಾಳಿ ಅಂತ. ಪಕ್ಕದ ಡೆಸ್ಕ್‌ನಲ್ಲಿ ಚೇಟ ಮನೆಯಿಂದ ತಂದ ಬಾಳೆಕಾಯಿ ಚಿಪ್ಸ್ ಡಬ್ಬಿ ತೆರೆದಿಟ್ಟಿದ್ದ. ಅದನ್ನೇ ತಿನ್ನುತ್ತಾ ಆ ಇಮೋಜಿ ಒತ್ತಿದ್ದೆ.

ಏಪ್ರಿಲ್‌ನಲ್ಲಿ ನಮ್ಮ ಕಂಪನಿಯ ಫೈವ್ಸ್ ಟೂರ್ನಮೆಂಟ್. ಸರ್ಜಾಪುರ ರಸ್ತೆಯ ಟರ್ಫ್ ಮೈದಾನ. ನನ್ನ ಮೊಣಕಾಲು ನೋಯುತ್ತಿತ್ತು, ಆದ್ದರಿಂದ “ನೀನು ರೂಲ್ ಬುಕ್ ಅಲ್ವಾ, ನೀನೇ ರೆಫರಿ ಆಗು” ಅಂತ ಕೈಗೆ ಸೀಟಿ ಕೊಟ್ಟರು. ಸೆಮಿಫೈನಲ್, ಟೆಸ್ಟಿಂಗ್ ಟೀಮ್ ವಿರುದ್ಧ ಫೈನಾನ್ಸ್. ಕೊನೆಯ ಎರಡು ನಿಮಿಷ ಇರುವಾಗ ಒಂದು ಫೌಲ್. ನಾನು ಫೈನಾನ್ಸ್‌ನವರಿಗೆ “ಹಿಂದೆ ಹೋಗಿ, ಹಿಂದೆ ಹೋಗಿ” ಅಂತ ಕೈ ಬೀಸುತ್ತಿದ್ದೆ. ಬೆನ್ನ ಹಿಂದಿನಿಂದ ಟೆಸ್ಟಿಂಗ್‌ನ ಹುಡುಗ “ಸರ್, ಆಡ್ಲಾ?” ಅಂದ. ತಿರುಗಿ ನೋಡದೆ “ಹ್ಞೂಂ” ಅಂದೆ. ಅವನು ಒದ್ದ. ಗೋಲ್.

ಹತ್ತು ಜನ ನನ್ನ ಸುತ್ತ. ಒಂದು ಕಡೆಯವರು, ಹಿಂದೆ ಹೋಗಿ ಅಂದಿದ್ದು ನೀವೇ ಅಲ್ವಾ ಅಂತಾರೆ. ಇನ್ನೊಂದು ಕಡೆಯವರು, ಹ್ಞೂಂ ಅಂದಿದ್ದೂ ನೀವೇ ಅಲ್ವಾ ಅಂತಾರೆ. ಎರಡೂ ನಿಜ. ಎರಡನ್ನೂ ನಾನೇ ಹೇಳಿದ್ದೆ, ಐದು ಸೆಕೆಂಡಿನ ಅಂತರದಲ್ಲಿ. ಗಂಟಲು ಒಣಗಿತು. ಬಹುಮಾನ ಅಂತ ಇದ್ದಿದ್ದು ಒಂದು ಪ್ಲಾಸ್ಟಿಕ್ ಕಪ್ಪು, ನೋಡಲು ಇದ್ದವರು ನಲವತ್ತು ಜನ. ಅಷ್ಟಕ್ಕೇ ನನ್ನ ಕೈ ನಡುಗುತ್ತಿತ್ತು. ಕಂಠೀರವದ ಗದ್ದಲದಲ್ಲಿ, ಎರಡೂ ತಂಡಗಳ ಮಧ್ಯೆ ನಿಂತ ಮನುಷ್ಯನಿಗೆ ಏನಾಗಿರಬೇಕು ಅನ್ನೋದು ಆಗ ಹೊಳೆಯಿತು.

ಹಿಂದೆ ಸರಿಸಲು ಶುರು ಮಾಡಿದ ಮೇಲೆ ಸೀಟಿಗೆ ಕಾಯಬೇಕಿತ್ತು ಅಂತ ಹೇಳಿ ಕಿಕ್ ಮತ್ತೆ ತೆಗೆಸಿದೆ. ಚೆಂಡು ಗೋಡೆಗೆ ಬಡಿಯಿತು. ಟೆಸ್ಟಿಂಗ್ ಸೋತಿತು. ಅವರ ಲೀಡ್ ಎರಡು ದಿನ ನನ್ನ ಮೇಲ್‌ಗೆ ಉತ್ತರ ಕೊಡಲಿಲ್ಲ. ಗೆದ್ದ ಫೈನಾನ್ಸ್‌ನವರೂ ಥ್ಯಾಂಕ್ಸ್ ಹೇಳಲಿಲ್ಲ, ಅವರ ಪ್ರಕಾರ ಅದು ಮೊದಲಿಗೆ ಫೌಲೇ ಅಲ್ಲ.

ಗಮನಿಸಿದಿರಾ, ನಾನು ಕೊಟ್ಟ ತೀರ್ಪು ಚೇಟನ ವಾದದ್ದೇ. ಅದನ್ನು ಗಮನಿಸಿದ ಇನ್ನೊಬ್ಬ ಗಡಿಯಾಚೆ ನಿಂತು ನೀರು ಕುಡಿಯುತ್ತಿದ್ದ.

ಪಂದ್ಯ ಮುಗಿಸಿ ಬೈಕ್ ನಿಲ್ಲಿಸಿದಲ್ಲಿಗೆ ಹೋಗುವಾಗ ಹೇಳಿಯೇಬಿಟ್ಟೆ. “ಚೇಟಾ, ಅವತ್ತು ಆ ಗೋಲ್ ನಾನು ನೋಡೇ ಇಲ್ಲ. ಫೋನ್ ನೋಡ್ತಾ ಇದ್ದೆ.”

“ಗೊತ್ತು.”

“ಗೊತ್ತಾ?”

ಅವನು ಫೋನ್ ತೆಗೆದು ನಮ್ಮ ಚಾಟನ್ನು ಮೇಲಕ್ಕೆ ಎಳೆಯುತ್ತಾ ಹೋದ. ಮಾರ್ಚ್ 3, ರಾತ್ರಿ. ಪಕ್ಕದವನು ಉತ್ತರ ಕೊಡಲಿಲ್ಲ ಅಂದೆನಲ್ಲ, ಆ ಗದ್ದಲದಲ್ಲಿ ಸ್ಟೇಡಿಯಂನ ಆ ಕಡೆ ಕೂತಿದ್ದ ಚೇಟನಿಗೆ ನಾನೇ ಮೆಸೇಜ್ ಮಾಡಿದ್ದೆ: “ಏನಾಯ್ತೋ? ಯಾರು ಹೊಡೆದಿದ್ದು?” ಕಳಿಸಿದ್ದೇ ಮರೆತುಹೋಗಿತ್ತು. ಕೆಳಗೆ ಎರಡು ನೀಲಿ ಗೀಟು.

ಮೂರು ವಾರ ನಾನು ಕಣ್ಣಾರೆ ನೋಡಿದೀನಿ ಅಂತ ಮೇಜು ಕುಟ್ಟುವಾಗಲೆಲ್ಲ ಅವನ ಜೇಬಿನಲ್ಲಿ ಇದು ಇತ್ತು. ಇಡೀ ಟೀಮಿನ ಮುಂದೆ ಒಮ್ಮೆ ತೋರಿಸಿದ್ದರೆ ನನ್ನ ಕಥೆ ಮುಗಿಯುತ್ತಿತ್ತು.

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ವಾದ ನಿಲ್ಲಿಸ್ತಿದ್ದೆ. ಬೇರೆ ಯಾರ ಹತ್ರ ಜಗಳ ಆಡ್ಲಿ?” ಅಂದು ಹೆಲ್ಮೆಟ್ ಹಾಕಿಕೊಂಡ.

ಆ ಇಮೋಜಿ ಬಗ್ಗೆ ಅವನಿಗೆ ಹೇಳಿರಲಿಲ್ಲ. ಅವನು ಆ ಗ್ರೂಪಿನಲ್ಲಿ ಇಲ್ಲ. ಈ ಲೇಖನ ಕಳಿಸುವ ಮುಂಚೆ ಓದಲು ಕೊಡಬೇಕು, ಕನ್ನಡ ಓದಲು ಅವನಿಗೆ ಸ್ವಲ್ಪ ನಿಧಾನ. ಗೋಲ್ ಬಗ್ಗೆ ಈಗಲೂ ನಮ್ಮಿಬ್ಬರಿಗೆ ಒಮ್ಮತ ಇಲ್ಲ. ಛೆಟ್ರಿ ಕೇಳಿ ರೆಫರಿ ಒಪ್ಪಿದ್ದರೆ ಗೋಲ್ ಸರಿ ಅಂತ ನಾನು, “ಒಪ್ಪಿದ್ದರೆ” ಅನ್ನೋದನ್ನು ಅಡಿಗೆರೆ ಹಾಕಿ ಬರಿ ಅಂತ ಅವನು.