ಕಂಪ್ರೆಸರ್ ಒಂದನ್ನೇ ಬದಲಿಸಿದರೆ ಸಾಕೆ?

ದೊಡ್ಡ ಎಸ್‌ಯುವಿಯ ಎಸಿ ಕೆಟ್ಟಾಗ ಗ್ಯಾರೇಜಿನಲ್ಲಿ ನಡೆಯುವ ಮಾತುಕತೆ ಹೆಚ್ಚುಕಡಿಮೆ ಎರಡೇ ವಾಕ್ಯದ್ದು. ‘ಕಂಪ್ರೆಸರ್ ಹೋಗಿದೆ ಸಾರ್, ಬದಲಾಯಿಸ್ಬೇಕು’ ಎಂಬುದು ಮೆಕ್ಯಾನಿಕ್ಕಿನ ತೀರ್ಪು, ‘ಎಷ್ಟಾಗುತ್ತೆ?’ ಎಂಬುದು ಮಾಲೀಕರ ಪ್ರಶ್ನೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಏಳು ಜನ ಕೂತ ಗಾಡಿಯೊಳಗೆ ಬಿಸಿಗಾಳಿ ಬೀಸುತ್ತಿರುವಾಗ ಇದಕ್ಕಿಂತ ಹೆಚ್ಚು ಮಾತಾಡುವ ತಾಳ್ಮೆ ಯಾರಿಗೂ ಇರುವುದಿಲ್ಲ, ನಿಜ. ಆದರೆ ಈ ಎರಡು ವಾಕ್ಯಗಳ ನಡುವೆ ಬರಬೇಕಾದ ಇನ್ನೊಂದು ಪ್ರಶ್ನೆ ಬಿಟ್ಟುಹೋಗುತ್ತದೆ: ಅದು ಹೋದದ್ದಾದರೂ ಯಾಕೆ? ಕಂಪ್ರೆಸರ್ ತಾನಾಗಿಯೇ ಸವೆದು ಸಾಯುವುದು ಕಡಿಮೆ. ಬಹಳಷ್ಟು ಸಲ ಅದನ್ನು ಕೊಂದ ಕಾರಣ ಅದೇ ಗಾಡಿಯ ಬೇರೊಂದು ಮೂಲೆಯಲ್ಲಿ ಇರುತ್ತದೆ. ಆ ಕಾರಣವನ್ನು ಹಾಗೇ ಬಿಟ್ಟು ಹೊಸ ಕಂಪ್ರೆಸರ್ ಕೂರಿಸಿದರೆ ಹತ್ತಾರು ಸಾವಿರ ರೂಪಾಯಿಯ ಖರ್ಚು ಇನ್ನೊಮ್ಮೆ ಬರುವುದಕ್ಕೆ ದಾರಿ ಮಾಡಿಕೊಟ್ಟಂತೆಯೇ.

ಕಂಪ್ರೆಸರ್ ಮಾಡುವ ಕೆಲಸವನ್ನು ನೋಡಿದರೆ ಇದು ಅರ್ಥವಾಗುತ್ತದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಈ ಪಂಪು, ಕೂಲಿಂಗ್ ಕಾಯಿಲ್‌ನಿಂದ ಬಂದ ಗ್ಯಾಸನ್ನು ಒತ್ತಿ, ಬಿಸಿ ಮಾಡಿ, ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ ತಳ್ಳುತ್ತದೆ. ಅಲ್ಲಿ ಶಾಖ ಕಳೆದುಕೊಂಡು ದ್ರವವಾದ ಗ್ಯಾಸು ತೇವ ಹೀರುವ ಡ್ರೈಯರ್ ದಾಟಿ, ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ಕಂಡಿಯಲ್ಲಿ ನುಗ್ಗಿ, ಕೂಲಿಂಗ್ ಕಾಯಿಲ್‌ನೊಳಗೆ ಆವಿಯಾಗುತ್ತ ಗಾಡಿಯೊಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಸಣ್ಣ ಕಾರಿನಲ್ಲಿ ಈ ಸುತ್ತು ಇಷ್ಟಕ್ಕೇ ಮುಗಿಯಿತು. ಮೂರು ಸಾಲು ಸೀಟಿನ ಅನೇಕ ಗಾಡಿಗಳಲ್ಲಿ ಹಿಂದಿನವರಿಗೆಂದೇ ಇನ್ನೊಂದು ಕೂಲಿಂಗ್ ಕಾಯಿಲ್, ಇನ್ನೊಂದು ವಾಲ್ವ್, ಅಲ್ಲಿಯವರೆಗೆ ಎಳೆದ ಉದ್ದದ ಪೈಪುಗಳು ಇರುತ್ತವೆ. (ಕೆಲವು ಗಾಡಿಗಳಲ್ಲಿ ಹಿಂದೆ ಬರುವುದು ಮುಂದಿನ ತಂಪುಗಾಳಿಯೇ, ಬರೀ ಕೊಳವೆಯ ಮೂಲಕ; ಆ ಗಾಡಿಗಳ ರಿಪೇರಿ ಅಷ್ಟರಮಟ್ಟಿಗೆ ಹಗುರ.) ಪೈಪು ಉದ್ದವಾದಷ್ಟೂ ಕೀಲುಗಳು ಹೆಚ್ಚು, ಕೀಲು ಹೆಚ್ಚಿದಷ್ಟೂ ಓ ರಿಂಗ್ ಒಣಗಿ ಸೋರುವ ಜಾಗಗಳೂ ಹೆಚ್ಚು. ಕೆಸರು ನೀರು ತಾಗುವ ಕಡೆ ಹಾದುಹೋಗುವ ಅಲ್ಯೂಮಿನಿಯಂ ಪೈಪು ತುಕ್ಕಿನಂತೆಯೇ ಸವೆದು ತೂತಾಗುವುದೂ ಉಂಟು. ನಮ್ಮ ಕರಾವಳಿಯ ಉಪ್ಪುಗಾಳಿ ಅದಕ್ಕೆ ಇನ್ನಷ್ಟು ಒತ್ತಾಸೆ.

ಗ್ಯಾಸು ಸೋರಿದರೆ ತಂಪು ಕಡಿಮೆಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚಿನವರ ಗಮನಕ್ಕೆ ಬಾರದ ವಿಷಯ ಎಣ್ಣೆಯದು. ಕಂಪ್ರೆಸರಿನೊಳಗಿನ ಪಿಸ್ಟನ್ನುಗಳಿಗೆ ಬೇಕಾದ ಎಣ್ಣೆಯ ಬಹುಪಾಲು ಎಂಜಿನ್ ಆಯಿಲ್‌ನಂತೆ ಒಂದು ತೊಟ್ಟಿಯಲ್ಲಿ ನಿಂತಿರುವುದಿಲ್ಲ; ಗ್ಯಾಸಿನ ಜೊತೆ ಬೆರೆತು ಇಡೀ ವ್ಯವಸ್ಥೆಯನ್ನು ಸುತ್ತಿ ಬರುತ್ತದೆ. ಗ್ಯಾಸು ಅರ್ಧವಾದರೆ ಎಣ್ಣೆಯನ್ನು ಹೊತ್ತು ತರುವ ಶಕ್ತಿಯೂ ಕುಗ್ಗುತ್ತದೆ, ಎಣ್ಣೆ ದೂರದ ಪೈಪುಗಳಲ್ಲೇ ಉಳಿಯುತ್ತದೆ, ಕಂಪ್ರೆಸರ್ ಒಣಗಿ ತಿರುಗುತ್ತದೆ. ಹಾಗಿರುವಾಗ ಪ್ರತಿ ಬೇಸಿಗೆಗೂ ಸೋರಿಕೆ ಹುಡುಕದೆ ‘ಗ್ಯಾಸ್ ಟಾಪ್‌ಅಪ್’ ಮಾಡಿಸುವ ನಮ್ಮ ಅಭ್ಯಾಸ ಮೇಲ್ನೋಟಕ್ಕೆ ಉಳಿತಾಯ, ಒಳಗೆ ಸವೆತ. ಸೋರುವಾಗ ಗ್ಯಾಸಿನ ಜೊತೆ ಒಂದಿಷ್ಟು ಎಣ್ಣೆಯೂ ಹೊರಗೆ ಹೋಗಿರುತ್ತದೆ. ಬರೀ ಗ್ಯಾಸು ತುಂಬಿದರೆ ಆ ಕೊರತೆ ತುಂಬುವುದಿಲ್ಲ. ಗೇಜ್ ನೋಡಿ ‘ಪ್ರೆಶರ್ ಸರಿ ಇದೆ’ ಎನ್ನುವ ಮಾತನ್ನೂ ಎಚ್ಚರದಿಂದ ಕೇಳಬೇಕು. ಒಳಗೆ ಸ್ವಲ್ಪವಾದರೂ ದ್ರವ ಉಳಿದಿರುವ ತನಕ, ಆಫ್ ಆಗಿ ನಿಂತ ಗಾಡಿಯಲ್ಲಿ ಗ್ಯಾಸಿನ ಒತ್ತಡ ಉಷ್ಣತೆಗೆ ತಕ್ಕಂತಿರುತ್ತದೆ. 30 ಡಿಗ್ರಿಯಲ್ಲಿ ಆರ್-134ಎ ಎಂಬ ಎಸಿ ಗ್ಯಾಸು ಸುಮಾರು 97 ಪಿಎಸ್‌ಐ ತೋರಿಸುತ್ತದೆ, ಇರುವುದು ಒಂದು ಕಿಲೋ ಆದರೂ ಅರ್ಧ ಕಿಲೋ ಆದರೂ. ಅಡುಗೆಮನೆಯ ಸಿಲಿಂಡರ್ ಮುಗಿಯುವ ಹಿಂದಿನ ದಿನವೂ ಉರಿ ಚೆನ್ನಾಗಿಯೇ ಇರುವ ಹಾಗೆ ಇದು. ಇನ್ನು ಪರಿಸರದ ಲೆಕ್ಕ: ಈ ಗ್ಯಾಸು ನೂರು ವರ್ಷದ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,400 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಸೋರುವ ಗಾಡಿಗೆ ವರ್ಷವರ್ಷವೂ ತುಂಬಿಸುವುದೆಂದರೆ ಅದನ್ನು ಗಾಳಿಗೆ ಬಿಡುವುದೇ.

ಕಂಪ್ರೆಸರನ್ನು ಕೊಲ್ಲುವ ಇನ್ನೊಂದು ಕಾರಣ ಅತಿಯಾದ ಒತ್ತಡ. ಹೆದ್ದಾರಿಯಲ್ಲಿ ಚೆನ್ನಾಗಿ ತಂಪು ಕೊಡುವ ಎಸಿ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಕೈಕೊಟ್ಟರೆ ಮೊದಲು ಅನುಮಾನಿಸಬೇಕಾದದ್ದು ಕಂಡೆನ್ಸರಿನ ಫ್ಯಾನು, ಅಥವಾ ಕಂಡೆನ್ಸರಿಗೆ ಮೆತ್ತಿಕೊಂಡ ಧೂಳು. ಗಾಡಿ ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ, ನಿಂತಾಗ ಫ್ಯಾನೇ ಗತಿ; ಗಾಳಿ ಸಾಲದೆ ಶಾಖ ಹೋಗದಿದ್ದರೆ ಒತ್ತಡ ಏರುತ್ತದೆ. ಕಂಪ್ರೆಸರ್ ಗ್ಯಾಸನ್ನು ಎಳೆಯುವ, ಒತ್ತುವ ಎರಡೂ ಕಡೆ ಗೇಜ್ ಹಾಕಿ ಎಂಜಿನ್ ಓಡಿಸಿ ನೋಡಿದರೆ ಒಂದೊಂದು ರೋಗಕ್ಕೂ ಒಂದೊಂದು ಗುರುತು ಕಾಣುತ್ತದೆ. ಎರಡೂ ಕಡೆ ಒತ್ತಡ ಕಡಿಮೆಯಾಗಿದ್ದರೆ ಸಾಮಾನ್ಯವಾಗಿ ಗ್ಯಾಸಿನ ಕೊರತೆ. ಒತ್ತುವ ಕಡೆ ವಿಪರೀತ ಏರಿದ್ದರೆ ಫ್ಯಾನು, ಕಂಡೆನ್ಸರ್ ಅಥವಾ ಅತಿಯಾಗಿ ತುಂಬಿದ ಗ್ಯಾಸು. ಎಳೆಯುವ ಕಡೆ ಹೆಚ್ಚು, ಒತ್ತುವ ಕಡೆ ಕಡಿಮೆ ಇದ್ದರೆ ಕಂಪ್ರೆಸರ್ ನಿಜವಾಗಿ ಸೋತಿರುವ ಸಂಭವ ಹೆಚ್ಚು. ಅನೇಕ ಹೊಸ ಗಾಡಿಗಳ ಕಂಪ್ರೆಸರ್‌ಗಳಲ್ಲಿ ಒತ್ತುವ ಪ್ರಮಾಣವನ್ನು ಏರಿಸಿ ಇಳಿಸುವ ಕಂಟ್ರೋಲ್ ವಾಲ್ವ್ ಇರುತ್ತದೆ. ಅದೊಂದು ಕೆಟ್ಟರೂ ಲಕ್ಷಣ ಹೀಗೆಯೇ ಕಾಣಬಹುದು, ಕೆಲವು ಮಾದರಿಗಳಲ್ಲಿ ಆ ವಾಲ್ವನ್ನು ಮಾತ್ರ ಬದಲಿಸಿ ಪಾರಾಗಬಹುದು.

ಕಂಪ್ರೆಸರ್ ಒಳಗೇ ಅರೆದುಹೋಗಿದೆ ಎಂದಿಟ್ಟುಕೊಳ್ಳೋಣ. ಈಗ ನಿಜವಾದ ಖರ್ಚಿನ ಮಾತು. ಒಳಗೆ ಅರೆದ ಲೋಹದ ಪುಡಿ ಸುಟ್ಟ ಎಣ್ಣೆಯೊಂದಿಗೆ ಸೇರಿ ಕಪ್ಪು ಗಸಿಯಾಗಿ ಮೊದಲು ಹೋಗಿ ಕೂರುವುದು ಕಂಡೆನ್ಸರಿನಲ್ಲಿ. ಇಂದಿನ ಕಂಡೆನ್ಸರಿನ ಚಪ್ಪಟೆ ಕೊಳವೆಗಳೊಳಗೆ ಇರುವುದು ಕೂದಲೆಳೆಯಂಥ ಕಿರುದಾರಿಗಳ ಸಾಲು. ‘ಫ್ಲಶ್ ಮಾಡಿದ್ರೆ ಸಾಕು, ಕಂಡೆನ್ಸರ್ ಯಾಕೆ ಬದಲಿಸ್ಬೇಕು?’ ಎಂಬ ಆಕ್ಷೇಪ ಇಲ್ಲೇ ಏಳುತ್ತದೆ. ನೇರ ಪೈಪುಗಳಿಗೆ, ಕೂಲಿಂಗ್ ಕಾಯಿಲ್‌ಗಳಿಗೆ ಆ ಮಾತು ಬಹುಮಟ್ಟಿಗೆ ಸರಿ. ಕಂಡೆನ್ಸರಿಗೆ ಸಲ್ಲದು: ನೂರು ದಾರಿಗಳಲ್ಲಿ ಹತ್ತು ಮುಚ್ಚಿದ್ದರೆ ಫ್ಲಶ್ ಮಾಡುವ ದ್ರಾವಣ ತೆರೆದಿರುವ ತೊಂಬತ್ತರಲ್ಲೇ ಸಲೀಸಾಗಿ ಹರಿದು ಹೊರಬೀಳುತ್ತದೆ, ಮುಚ್ಚಿದ್ದು ಮುಚ್ಚಿದಂತೆಯೇ ಇರುತ್ತದೆ. ಆ ಪುಡಿ ಆಮೇಲೆ ಹೊಸ ಕಂಪ್ರೆಸರಿಗೇ ಮರಳಿ ಬರಬಹುದು. ಆದ್ದರಿಂದ ಕಂಡೆನ್ಸರ್, ಡ್ರೈಯರ್, ಎಕ್ಸ್‌ಪಾನ್ಷನ್ ವಾಲ್ವುಗಳನ್ನು ಒಟ್ಟಿಗೇ ಬದಲಿಸುವುದು ದುಂದುಗಾರಿಕೆ ಎನಿಸಿಕೊಳ್ಳುವುದಿಲ್ಲ. ಎಲ್ಲ ಗಾಡಿಗೂ ಇದೇ ನಿಯಮ ಎಂದೇನೂ ನಾನು ಹೇಳುತ್ತಿಲ್ಲ. ಕಂಪ್ರೆಸರಿನ ಕ್ಲಚ್ ಸುಟ್ಟಿದ್ದರೆ, ಶಾಫ್ಟಿನ ಸೀಲ್ ಸೋರುತ್ತಿದ್ದರೆ, ಹಳೆಯ ಎಣ್ಣೆ ಇನ್ನೂ ತಿಳಿಯಾಗಿದ್ದರೆ ಕಂಪ್ರೆಸರಿನ ಜೊತೆ ಡ್ರೈಯರ್ ಮತ್ತು ಓ ರಿಂಗ್‌ಗಳಷ್ಟನ್ನೇ ಬದಲಿಸಿ ನಿಲ್ಲಬಹುದು. ನಿರ್ಧಾರ ಆ ಎಣ್ಣೆಯ ಬಣ್ಣದ್ದು. ಕಳಚಿದ ಕಂಪ್ರೆಸರಿನಿಂದ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸುರಿದು ತೋರಿಸಿ ಎಂದು ಕೇಳುವ ಹಕ್ಕು ಮಾಲೀಕರಿಗಿದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಗಾಡಿಗೆ ಹತ್ತು ವರ್ಷವಾಗಿದೆ, ಅದಕ್ಕೆ ಇಷ್ಟು ಸುರಿಯಬೇಕೆ, ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಳೆಯದೊಂದು ಸಿಗುವುದಿಲ್ಲವೆ? ಸಿಗುತ್ತದೆ, ಕೆಲವೊಮ್ಮೆ ಬಾಳಿಕೆಯೂ ಬರುತ್ತದೆ. ಆದರೆ ಬಾಯಿ ಮುಚ್ಚದೆ ತಿಂಗಳುಗಟ್ಟಲೆ ಬಿದ್ದಿದ್ದ ಕಂಪ್ರೆಸರಿನೊಳಗಿನ ಪಿಎಜಿ ಎಣ್ಣೆ (ಬೆಲ್ಟಿನ ಕಂಪ್ರೆಸರ್‌ಗಳ ಮಾಮೂಲಿ ಎಣ್ಣೆ) ಗಾಳಿಯ ತೇವವನ್ನು ಆತುರದಿಂದ ಹೀರುವಂಥದ್ದು. ಹಳೆಯ ಮಾಲು ಕೊಳ್ಳುವವರು ಎರಡೂ ಬಾಯಿಗೆ ಬಿರಡೆ ಇದ್ದದ್ದನ್ನೇ ನೋಡಿ ಕೊಳ್ಳಬೇಕು. ದುಡ್ಡು ಉಳಿಸಲೇಬೇಕೆಂದರೆ ಕಂಪ್ರೆಸರನ್ನು ಒಳ್ಳೆಯ ಕಡೆ ರೀಕಂಡೀಷನ್ ಮಾಡಿಸಿ ಉಳಿಸಿ, ಡ್ರೈಯರಿನಲ್ಲಿ ಉಳಿಸಬೇಡಿ. ಎಸಿ ಇಲ್ಲದೆ ಓಡಿಸುತ್ತೇನೆ ಎನ್ನುವವರು ಒಂದನ್ನು ಪರೀಕ್ಷಿಸಿಕೊಳ್ಳಬೇಕು: ಅನೇಕ ಗಾಡಿಗಳಲ್ಲಿ ಆಲ್ಟರ್ನೇಟರ್, ವಾಟರ್ ಪಂಪ್, ಕಂಪ್ರೆಸರ್ ಮೂರಕ್ಕೂ ಒಂದೇ ಬೆಲ್ಟು. ಪುಲ್ಲಿಯ ಬೇರಿಂಗ್ ಜಾಮ್ ಆಗಿ ಬೆಲ್ಟು ಕಿತ್ತರೆ ಚಾರ್ಜಿಂಗ್ ನಿಲ್ಲುತ್ತದೆ, ಎಂಜಿನ್ ಕಾಯುತ್ತದೆ.

ಭಾಗಗಳೆಲ್ಲ ಬಂದ ಮೇಲೂ ಅರ್ಧ ಕೆಲಸ ಬಾಕಿ. ಮೊದಲು ನೈಟ್ರೋಜನ್ ತುಂಬಿ ಸೋರಿಕೆ ನೋಡಬೇಕು. ಆಮೇಲೆ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಎಳೆದು, ತೇವ ಸಾಮಾನ್ಯ ಉಷ್ಣತೆಯಲ್ಲೇ ಕುದಿದು ಹೊರಹೋಗುವಂತೆ ಮಾಡಬೇಕು. ಎರಡು ಕಾಯಿಲ್‌ನ ಗಾಡಿಗೆ ಐದು ನಿಮಿಷದ ವ್ಯಾಕ್ಯೂಮ್ ಶಾಸ್ತ್ರಕ್ಕೆ ಮಾತ್ರ, ಮುಕ್ಕಾಲು ಗಂಟೆಯಾದರೂ ಬೇಕು. ಕೈಪಿಡಿಗಳಲ್ಲಿ ವ್ಯಾಕ್ಯೂಮ್ 29 ಇಂಚು (ಪಾದರಸ) ಎಂದು ಬರೆದಿರುತ್ತದೆ. ಮಂಗಳೂರಿನಲ್ಲಿ ಅದು ಬರುತ್ತದೆ; ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ವಾಯುಭಾರವೇ ಕಡಿಮೆಯಾದ್ದರಿಂದ ಮಾಮೂಲಿ ಗೇಜ್ ಸುಮಾರು 27ಕ್ಕೇ ನಿಲ್ಲುತ್ತದೆ, ಪಂಪಿನ ತಪ್ಪೇನಿಲ್ಲ. ಎಣ್ಣೆಯ ಲೆಕ್ಕವನ್ನೂ ಅಂದಾಜಿಗೆ ಬಿಡುವಂತಿಲ್ಲ. ಹೊಸ ಕಂಪ್ರೆಸರಿನಲ್ಲಿ ಎಷ್ಟು ತುಂಬಿ ಬಂದಿದೆ, ಹಿಂದಿನ ಕಾಯಿಲ್ ಸೇರಿ ಗಾಡಿಗೆ ಒಟ್ಟು ಎಷ್ಟು ಬೇಕು ಎಂದು ಅಳೆಯಬೇಕು; ಕಡಿಮೆಯಾದರೆ ಕಂಪ್ರೆಸರ್ ಅರೆಯುತ್ತದೆ, ಹೆಚ್ಚಾದರೆ ಎಣ್ಣೆ ಕಾಯಿಲ್‌ನ ಒಳಗೋಡೆಗೆ ಮೆತ್ತಿ ತಂಪು ಕುಗ್ಗುತ್ತದೆ. ಗ್ಯಾಸನ್ನು ತುಂಬಬೇಕಾದದ್ದು ತೂಕದಿಂದ, ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಬರೆದಷ್ಟೇ ಗ್ರಾಂ.

ವಿದ್ಯುತ್ ಮತ್ತು ಅನೇಕ ಹೈಬ್ರಿಡ್ ಎಸ್‌ಯುವಿಗಳಲ್ಲಿ ಈ ಬಿಗಿ ಇನ್ನೂ ಹೆಚ್ಚು. ಅಲ್ಲಿ ಕಂಪ್ರೆಸರಿಗೆ ಬೆಲ್ಟಿಲ್ಲ. ಅಧಿಕ ವೋಲ್ಟೇಜಿನ ಮೋಟಾರು ಅದರೊಳಗೇ ಗ್ಯಾಸು, ಎಣ್ಣೆಯ ನಡುವೆ ತಿರುಗುತ್ತದೆ. ಅನೇಕ ವಿದ್ಯುತ್ ಗಾಡಿಗಳಲ್ಲಿ ಬ್ಯಾಟರಿಯನ್ನು ತಣ್ಣಗಿಡುವುದೂ ಅದರದ್ದೇ ಹೊಣೆ. ಮೋಟಾರು ಎಣ್ಣೆಯ ನಡುವೆಯೇ ತಿರುಗುವುದರಿಂದ ಈ ಕಂಪ್ರೆಸರ್‌ಗಳಲ್ಲಿ ಸಾಮಾನ್ಯವಾಗಿ ಬಳಸುವುದು ವಿದ್ಯುತ್ ಹರಿಯಗೊಡದ ಪಿಒಇ ಎಣ್ಣೆ. ಅದಕ್ಕೆ ಒಂದಿಷ್ಟು ಪಿಎಜಿ ಬೆರೆತರೂ ವಿದ್ಯುತ್ ನಿರೋಧ ಕುಸಿಯಬಹುದು, ಗಾಡಿಯ ಸುರಕ್ಷಾ ವ್ಯವಸ್ಥೆ ಅದನ್ನು ಸೋರಿಕೆ ಎಂದೆಣಿಸಿ ಗಾಡಿಯನ್ನು ಚಾಲೂ ಆಗಲು ಬಿಡದಿರಬಹುದು. ಬೆಳಿಗ್ಗೆ ಡೀಸೆಲ್ ಗಾಡಿಗೆ ಗ್ಯಾಸು ತುಂಬಿದ ಅದೇ ಯಂತ್ರವನ್ನು ಮಧ್ಯಾಹ್ನ ವಿದ್ಯುತ್ ಗಾಡಿಗೆ ಹಚ್ಚಿದರೆ, ಹೋಸ್ ಪೈಪಿನೊಳಗೆ ಉಳಿದ ಎಣ್ಣೆಯಿಂದಲೇ ಇಷ್ಟಾಗಬಹುದು. ಅಂಥ ಗಾಡಿಯನ್ನು ಒಳಗೆ ಬಿಡುವ ಮುನ್ನ ಆ ಹೋಸ್‌ಗಳನ್ನು ತೊಳೆಯುವ ವ್ಯವಸ್ಥೆ ಗ್ಯಾರೇಜಿನಲ್ಲಿ ಇದೆಯೇ ಎಂದು ವಿಚಾರಿಸಿಕೊಳ್ಳಬೇಕು.