ರೆಸ್ಟಿವ್: ಹೆಜ್ಜೆ ಕೀಳದ ಕುದುರೆಯ ಪದ

ಇಂಗ್ಲಿಷಿನ ‘ರೆಸ್ಟಿವ್’ ಅಂದರೆ ವಿಶ್ರಾಂತಿ ಅಂದುಕೊಂಡ್ರಾ? ಅಲ್ಲ, ಪೂರಾ ಉಲ್ಟಾ! ತಾಳ್ಮೆಗೆಟ್ಟು ಚಡಪಡಿಸುವವರು, ಹಿಡಿತಕ್ಕೆ ಸಿಗದವರು ರೆಸ್ಟಿವ್. ವಿಶ್ರಾಂತಿಯ ‘ರೆಸ್ಟ್’ ಜರ್ಮಾನಿಕ್ ಮೂಲದ್ದು, ಇದು ಲ್ಯಾಟಿನ್ ಮೂಲದ್ದು.

ಲ್ಯಾಟಿನ್‌ನಲ್ಲಿ ‘ರೆಸ್ಟಾರೆ’ ಅಂದರೆ ಹಿಂದೆ ನಿಲ್ಲುವುದು. ಅದೇ ಹಳೆಯ ಫ್ರೆಂಚ್‌ನಲ್ಲಿ ‘ರೆಸ್ಟಿಫ್’ ಆಗಿ ಇಂಗ್ಲಿಷಿಗೆ ಬಂತು. ಆಗ ರೆಸ್ಟಿವ್ ಕುದುರೆ ಅಂದರೆ ಮೊಂಡು ಹಿಡಿದು ನಿಂತಲ್ಲೇ ನಿಂತ ಕುದುರೆ! ಸವಾರ ಒತ್ತಾಯಿಸಿದಷ್ಟೂ ಅದು ಹಿಂದೆ ಸರಿಯುತ್ತೆ, ಪಕ್ಕಕ್ಕೆ ಎಳೆಯುತ್ತೆ. ಕ್ರಮೇಣ ಆ ಒದ್ದಾಟವೇ ಪದದ ಅರ್ಥವಾಯಿತು.

ಇನ್ನೊಂದು ಸೊಗಸು ಕೇಳಿ. ರೆಸ್ಟಾರೆಯೊಳಗಿನ ‘ಸ್ಟಾರೆ’, ಅಂದರೆ ನಿಲ್ಲುವುದು, ಸಂಸ್ಕೃತದ ‘ಸ್ಥಾ’ ಧಾತುವಿನ ಒಡಹುಟ್ಟು. ನಾವು ದಿನಾ ಆಡುವ ಸ್ಥಿರ, ಸ್ಥಾನ ಪದಗಳೂ ರೆಸ್ಟಿವ್‌ನ ದೂರದ ನೆಂಟರು!

ಸಭೆ ಲಂಬಿಸಿ ಜನ ಕೂತಲ್ಲೇ ಮಿಸುಕಾಡಿದರೆ, ಆ ಕುದುರೆಯನ್ನು ನೆನೆಯಿರಿ. ಅದೇ ರೆಸ್ಟಿವ್.